ಮೊಳಕೆ ಕಾಳನ್ನು ಹಸಿಯಾಗಿಯೇ ಹಾಸ್ಟೆಲ್ ಮಕ್ಕಳಿಗೆ ಕೊಡಬಹುದೇ?

ಸ್ವಸಹಾಯ ಸಂಘದ ಸದಸ್ಯೆ, ಗದಗ

ಎಲ್ಲರಿಗೂ ನಮಸ್ಕಾರ. ನಮ್ಮದು ಗದಗ ತಾಲ್ಲೂಕಿನ ಒಂದು ಮಹಿಳಾ ಸ್ವಸಹಾಯ ಸಂಘ. ಇದುವರೆಗೆ ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತ ಬಂದಿದ್ದೇವೆ. ಈಗ ಹತ್ತಿರದ ಒಂದು ವಿದ್ಯಾರ್ಥಿ ನಿಲಯದವರು ಮುಂಜಾನೆಯ ಉಪಾಹಾರಕ್ಕೆ ಮೊಳಕೆ ಬರಿಸಿದ ಹೆಸರು ಮತ್ತು ಮಡಕಿ ಕಾಳನ್ನು ನಮ್ಮಿಂದಲೇ ಪಡೆಯಲು ಮುಂದೆ ಬಂದಿದ್ದಾರೆ. ಗಜ್ಜರಿ ತುರಿ, ಸವತಿಕಾಯಿ, ಲಿಂಬೆರಸ ಬೆರೆಸಿ ಹಸಿಯಾಗಿಯೇ ಮಕ್ಕಳಿಗೆ ಕೊಡುವುದು ಅವರ ಆಲೋಚನೆ. ನಾವು ಮಾಡುವ ಕ್ರಮ ಇದು: ಕಾಳನ್ನು ಸಂಜೆ ನೆನೆಹಾಕಿ, ಮರುದಿನ ನೀರು ಬಸಿದು, ಒದ್ದೆ ಅರಿವೆಯಲ್ಲಿ ಬಿಗಿಯಾಗಿ ಕಟ್ಟಿ, ಬೆಚ್ಚಗಿರುವ ಮೂಲೆಯಲ್ಲಿ ಇಡುತ್ತೇವೆ, ಅದರ ಮರುದಿನ ಮುಂಜಾನೆಗೆ ಮೊಳಕೆ ಬೆರಳಿನ ಗೆಣ್ಣಿನಷ್ಟು ಬಂದಿರುತ್ತದೆ. ಕೈ ತೊಳೆದುಕೊಳ್ಳುವುದು, ತಲೆಗೆ ಬಟ್ಟೆ ಕಟ್ಟಿಕೊಳ್ಳುವುದು, ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರನ್ನೇ ಬಳಸುವುದು, ಇವೆಲ್ಲವನ್ನೂ ತಪ್ಪದೆ ಪಾಲಿಸುತ್ತೇವೆ. ಆದರೂ ತರಬೇತಿಗೆ ಬಂದ ಒಬ್ಬ ಅಧಿಕಾರಿಗಳು ಹಸಿ ಮೊಳಕೆಯನ್ನು ಮಕ್ಕಳಿಗೆ ಕೊಡುವ ಮುನ್ನ ವಿಚಾರ ಮಾಡಿ ಎಂದು ಹೇಳಿ ಹೋದರು. ಕಾರಣ ಕೇಳುವಷ್ಟು ಸಮಯ ಸಿಗಲಿಲ್ಲ. ಇಷ್ಟು ಸ್ವಚ್ಛವಾಗಿ ಮಾಡಿದ ಮೇಲೂ ಅಪಾಯ ಉಳಿಯುವುದು ಎಲ್ಲಿಂದ ಎಂಬುದನ್ನು ಬಲ್ಲವರು ತಿಳಿಸಬೇಕು.

ನಿವೃತ್ತ ಶಿಕ್ಷಕ, ಹಾವೇರಿ

ತಂಗಿ, ನಿಮ್ಮ ಕ್ರಮದಲ್ಲಿ ನನಗೆ ಯಾವ ದೋಷವೂ ಕಾಣುತ್ತಿಲ್ಲ. ಮೊಳಕೆ ಕಾಳು ನಮ್ಮ ಭಾಗಕ್ಕೆ ಹೊಸದಲ್ಲ. ನಾಗರ ಪಂಚಮಿಯ ಹೊತ್ತಿಗೆ ಮನೆಮನೆಯಲ್ಲೂ ಕಾಳು ನೆನೆಯುತ್ತವೆ, ಮದುವೆ ಮನೆಗಳಲ್ಲಿ ಮಡಕಿ ಕಾಳಿನ ಪಲ್ಯವಿಲ್ಲದೆ ಪಂಕ್ತಿ ಏಳುವುದಿಲ್ಲ. ಬಡವರ ಮಕ್ಕಳಿಗೆ ಪ್ರೋಟೀನು ಸಿಗುವ ಅಗ್ಗದ ದಾರಿ ಇದು. ಹೊಟ್ಟೆ ಕೆಡುವುದು ಕೊಳೆಯಾದ ಕೈಯಿಂದ, ಕೊಳೆಯಾದ ನೀರಿನಿಂದ. ಅವೆರಡನ್ನೂ ನೀವು ನೋಡಿಕೊಂಡಿದ್ದೀರಿ. ಹೆದರಿಸುವ ಮಾತುಗಳಿಂದ ಒಂದು ಒಳ್ಳೆಯ ಆಹಾರ ಮಕ್ಕಳ ತಟ್ಟೆಯಿಂದ ಜಾರಿ ಹೋಗಬಾರದೆಂಬುದು ನನ್ನ ಕಳಕಳಿ.

ಆಹಾರ ಸೂಕ್ಷ್ಮಜೀವಿ ವಿಜ್ಞಾನದ ಅಧ್ಯಾಪಕ, ಧಾರವಾಡ

ಗುರುಗಳು ಹೇಳಿದ ಉದಾಹರಣೆಗಳಲ್ಲೇ ಉತ್ತರದ ಅರ್ಧ ಭಾಗ ಇದೆ. ಮದುವೆ ಮನೆಯ ಮಡಕಿ ಕಾಳು ಒಗ್ಗರಣೆಯ ಮೇಲೆ ಬೆಂದು ಬರುತ್ತದೆ. ನಮ್ಮ ಉಸಳಿ, ಕಾಳುಪಲ್ಯ, ಮೊಳಕೆ ಹುರಳಿಯ ಕಟ್ಟು ಎಲ್ಲವೂ ಒಲೆ ಕಂಡ ಅಡುಗೆಗಳೇ. ಮೊಳಕೆಯನ್ನು ರಾಶಿ ಮಾಡಿ ಹಸಿಯಾಗಿಯೇ ನೂರಾರು ಮಕ್ಕಳಿಗೆ ಬಡಿಸುವ ರೂಢಿ ಈಚಿನದು. ಆದ್ದರಿಂದ ನಮ್ಮ ಹಿರಿಯರಿಗೆ ಏನೂ ಆಗಲಿಲ್ಲ ಎಂಬ ಅನುಭವವನ್ನು ಹಸಿ ಮೊಳಕೆಗೆ ಸಾಕ್ಷಿಯಾಗಿ ತರುವಂತಿಲ್ಲ.

ಈಗ ಅಕ್ಕನವರ ಪ್ರಶ್ನೆಗೆ ಬರುತ್ತೇನೆ. ಅಪಾಯ ಬರುವುದು ನಿಮ್ಮ ಕೈಯಿಂದಲೇ ಆಗಬೇಕಿಲ್ಲ. ಹೆಚ್ಚಿನ ಸಲ ಅದು ಕಾಳಿನ ಜೊತೆಗೇ ಚೀಲದಲ್ಲಿ ಬಂದಿರುತ್ತದೆ. ಸಾಲ್ಮೊನೆಲ್ಲಾ, ರೋಗ ತರುವ ಕೆಲವು ಬಗೆಯ ಇ. ಕೋಲಿ ಮುಂತಾದ ಬ್ಯಾಕ್ಟೀರಿಯಾಗಳು ದನ, ಕುರಿ, ಕೋಳಿ, ಹಕ್ಕಿ, ಇಲಿಗಳ ಕರುಳಿನಲ್ಲಿ ವಾಸಿಸುತ್ತವೆ. ಹೊಲದಲ್ಲೋ ಕಣದಲ್ಲೋ ಗೋದಾಮಿನಲ್ಲೋ ಅವು ಒಮ್ಮೆ ಕಾಳಿಗೆ ಅಂಟಿಕೊಂಡರೆ, ಕಾಳು ಒಣಗಿದಾಗ ಅವು ಬೆಳೆಯುವುದು ನಿಲ್ಲುತ್ತದೆಯೇ ಹೊರತು ಎಲ್ಲವೂ ಸಾಯುವುದಿಲ್ಲ. ಒಣ ಕಾಳಿನ ಮೇಲೆ, ಅದರಲ್ಲೂ ತಂಪಾದ ಜಾಗದಲ್ಲಿ, ಅವು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರಬಲ್ಲವು. ಅವುಗಳ ಸಂಖ್ಯೆ ಆಗ ಬಹಳ ಕಡಿಮೆ ಇರುತ್ತದೆ. ಅದೇ ಕಾಳನ್ನು ಬೇಳೆ ಮಾಡಿ ಬೇಯಿಸಿದರೆ ಯಾರಿಗೂ ಏನೂ ಆಗದೆ ಆ ಕಥೆ ಅಲ್ಲಿಗೇ ಮುಗಿಯುತ್ತದೆ.

ಮೊಳಕೆ ಬರಿಸುವಾಗ ಆಗುವುದೇ ಬೇರೆ. ಕಾಳು ನೀರು ಕುಡಿದು ಉಬ್ಬಿದಾಗ ಅದರೊಳಗಿನ ಪಿಷ್ಟ ಮತ್ತು ಪ್ರೋಟೀನುಗಳು ಒಡೆಯತೊಡಗುತ್ತವೆ, ಸಿಪ್ಪೆ ಬಿರಿಯುತ್ತದೆ, ಸಕ್ಕರೆ ಮತ್ತು ಅಮೈನೋ ಆಮ್ಲಗಳು ಹೊರಗೆ ಜಿನುಗುತ್ತವೆ. ಬ್ಯಾಕ್ಟೀರಿಯಾಗಳಿಗೆ ಬೇಕಾದ ಆಹಾರ ಅದೇ. ಜೊತೆಗೆ ಅರಿವೆಯೊಳಗಿನ ತೇವ, 25ರಿಂದ 30 ಡಿಗ್ರಿಯ ಬೆಚ್ಚನೆ, ಹುಳಿಯಿಲ್ಲದ ವಾತಾವರಣ, ಇಡೀ ಒಂದೆರಡು ದಿನದ ಬಿಡುವು. ನಾವು ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಇನ್‌ಕ್ಯುಬೇಟರ್ ಎಂಬ ಪೆಟ್ಟಿಗೆ ಇಟ್ಟುಕೊಂಡು ಹೊಂದಿಸುವ ಸ್ಥಿತಿಗಳನ್ನೆಲ್ಲ ಈ ಗಂಟು ತಾನಾಗಿಯೇ ಒದಗಿಸುತ್ತದೆ.

ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಅನುಕೂಲವಾದ ಸ್ಥಿತಿಯಲ್ಲಿ ಈ ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲದು. ನಾವು ಉದಾರವಾಗಿ ಗಂಟೆಗೊಮ್ಮೆ ಎಂದೇ ಇಟ್ಟುಕೊಳ್ಳೋಣ. ಒಂದು ಕಿಲೋ ಕಾಳಿನಲ್ಲಿ ಒಂದೇ ಒಂದು ಬ್ಯಾಕ್ಟೀರಿಯಾ ಇದ್ದರೂ 20 ಗಂಟೆಯಲ್ಲಿ ಅದು ಹತ್ತು ಲಕ್ಷ ದಾಟುತ್ತದೆ. ಕಾಳು ಕಟ್ಟಿಟ್ಟ ಮೊದಲ ಒಂದೆರಡು ದಿನದೊಳಗೇ ಈ ಬೆಳವಣಿಗೆಯ ಬಹುಪಾಲು ಮುಗಿಯುತ್ತದೆ ಎಂಬುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಎಂದರೆ, ನೀವು ಮುಂಜಾನೆ ಗಂಟು ಬಿಚ್ಚುವ ಹೊತ್ತಿಗೆ ಸರಿಯಾಗಿ ಅದು ತನ್ನ ತುದಿಯ ಹತ್ತಿರ ಇರುತ್ತದೆ. ಕೈ ತೊಳೆಯುವುದು, ಒಳ್ಳೆಯ ನೀರು ಬಳಸುವುದು ಖಂಡಿತ ಬೇಕು. ಅವು ಹೊಸ ರೋಗಾಣು ಸೇರದಂತೆ ತಡೆಯುತ್ತವೆ. ಕಾಳಿನ ಸಿಪ್ಪೆಯ ಬಿರುಕಿನಲ್ಲಿ ಮೊದಲೇ ಕುಳಿತದ್ದನ್ನು ಅವು ಮುಟ್ಟುವುದಿಲ್ಲ.

ಹೆಸರು ಬೆಳೆಗಾರ, ನವಲಗುಂದ

ಅಧ್ಯಾಪಕರ ಮಾತಿಗೆ ರೈತನ ಕಡೆಯಿಂದ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ. ನಮ್ಮ ಎರೆ ಹೊಲಗಳಲ್ಲಿ ಮುಂಗಾರಿಗೆ ಹೆಸರು ಬಿತ್ತುತ್ತೇವೆ, ಆಗಸ್ಟ್ ಮತ್ತು ಸೆಪ್ಟೆಂಬರ್ ಹೊತ್ತಿಗೆ ರಾಶಿ. ಬೇಸಿಗೆಯಲ್ಲಿ ಹೊಲ ಖಾಲಿ ಇದ್ದಾಗ ಗೊಬ್ಬರಕ್ಕೆಂದು ಕುರಿ ಹಿಂಡನ್ನು ರಾತ್ರಿ ಹೊಲದಲ್ಲಿ ನಿಲ್ಲಿಸುವ ಪದ್ಧತಿ ಇದೆ. ತಿಪ್ಪೆ ಗೊಬ್ಬರವನ್ನೂ ಹಾಕುತ್ತೇವೆ, ಅದು ಪೂರ್ತಿ ಕಳಿತಿರಬೇಕೆಂಬ ನಿಯಮವನ್ನು ಎಲ್ಲರೂ ಎಲ್ಲ ಸಲವೂ ಪಾಲಿಸುತ್ತಾರೆಂದು ಹೇಳಲಾರೆ. ಹೆಸರಿನ ಕಾಯಿ ನೆಲಕ್ಕೆ ಹತ್ತಿರ ಬಿಡುತ್ತದೆ. ರಾಶಿಯ ಸಮಯಕ್ಕೆ ಮಳೆ ಹಿಡಿದರೆ ಕಾಯಿಗೆ ಕೆಸರು ಸಿಡಿಯುತ್ತದೆ. ಕೆಲವೊಮ್ಮೆ ಗಿಡದಲ್ಲೇ ಕಾಳು ಮೊಳೆಯುತ್ತದೆ.

ಆಮೇಲೆ ಒಣಗಿಸುವ ಪ್ರಶ್ನೆ. ಸಗಣಿ ಸಾರಿಸಿದ ಕಣಗಳು ಕಡಿಮೆಯಾಗಿವೆ. ಡಾಂಬರು ರಸ್ತೆಯ ಮೇಲೆ ಕಾಳು ಹರಡುವವರನ್ನು ನೀವೆಲ್ಲರೂ ದಾರಿಯಲ್ಲಿ ನೋಡಿದ್ದೀರಿ. ಅದರ ಮೇಲೆ ಗಾಡಿ, ದನ, ನಾಯಿ ಎಲ್ಲವೂ ಹಾಯುತ್ತವೆ. ಅಲ್ಲಿಂದ ಚೀಲ, ಚೀಲದಿಂದ ಅಡತಿ ಅಂಗಡಿ, ಅಲ್ಲಿ ಹತ್ತಾರು ರೈತರ ಕಾಳು ಒಂದೇ ರಾಶಿಯಾಗುತ್ತದೆ. ನಾವು ಬೆಳೆಯುವುದು ಬೇಯಿಸಿ ತಿನ್ನುವ ಕಾಳು ಎಂಬ ತಿಳಿವಳಿಕೆಯಿಂದ. ಹಸಿಯಾಗಿ ತಿನ್ನುವವರಿದ್ದಾರೆ ಎಂದು ಯಾರೂ ನಮಗೆ ಹೇಳಿಲ್ಲ, ಅದಕ್ಕೆ ತಕ್ಕ ಬೆಲೆಯನ್ನೂ ಕೊಟ್ಟಿಲ್ಲ.

ಇನ್ನೊಂದು ಎಚ್ಚರಿಕೆ. ಬಿತ್ತನೆಗೆಂದು ಪೊಟ್ಟಣದಲ್ಲಿ ಬರುವ ಬೀಜಕ್ಕೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ, ಗುರುತಿಗೆ ಬಣ್ಣವನ್ನೂ ಹಾಕಿರುತ್ತಾರೆ. ಬಿತ್ತಿ ಉಳಿದ ಬೀಜವನ್ನು ಚೆನ್ನಾಗಿ ತೊಳೆದು ಮೊಳಕೆಗೆ ಹಾಕಿದರಾಯಿತು ಎಂದು ಯಾರೂ ಮಾಡಬಾರದು. ಅದು ಬ್ಯಾಕ್ಟೀರಿಯಾದ ಮಾತಲ್ಲ, ನೇರವಾಗಿ ವಿಷದ ಮಾತು.

ಗೃಹಿಣಿ, ಹುಬ್ಬಳ್ಳಿ

ನೆನೆಹಾಕುವ ನೀರಿಗೆ ಅರಿಶಿನ ಮತ್ತು ಉಪ್ಪು ಹಾಕಿದರೆ, ಅಥವಾ ಮೊಳಕೆ ಬಂದ ಮೇಲೆ ನಾಲ್ಕಾರು ಸಲ ತಿಕ್ಕಿ ತೊಳೆದರೆ ಸಾಲದೇ? ಲಿಂಬೆರಸದ ಹುಳಿಗೆ ರೋಗಾಣು ಸಾಯುವುದಿಲ್ಲವೇ? ವಾಸನೆ ಬಂದ ಕಾಳನ್ನು ನಾನು ಎಂದೂ ಬಳಸುವುದಿಲ್ಲ.

ಆಹಾರ ಸೂಕ್ಷ್ಮಜೀವಿ ವಿಜ್ಞಾನದ ಅಧ್ಯಾಪಕ, ಧಾರವಾಡ

ಅಕ್ಕನವರೇ, ವಾಸನೆಯ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಹೆಚ್ಚಿನವರು ಅದನ್ನೇ ನಂಬಿರುತ್ತಾರೆ. ಲೋಳೆ, ಹುಳಿ ವಾಸನೆ, ಬಣ್ಣಗೆಡುವುದು ಇವೆಲ್ಲ ಕಾಳನ್ನು ಕೊಳೆಸುವ ಬೇರೆ ಸೂಕ್ಷ್ಮಜೀವಿಗಳ ಕೆಲಸ. ಸಾಲ್ಮೊನೆಲ್ಲಾ ಲಕ್ಷಗಟ್ಟಲೆ ಇದ್ದರೂ ಮೊಳಕೆ ಬೆಳ್ಳಗೆ, ಗರಿಗರಿಯಾಗಿ, ಘಮವಾಗಿಯೇ ಇರಬಹುದು. ಕೆಟ್ಟ ವಾಸನೆಯ ಕಾಳನ್ನು ಎಸೆಯುವುದು ಸರಿ. ವಾಸನೆಯಿಲ್ಲದ್ದೆಲ್ಲ ಸುರಕ್ಷಿತ ಎನ್ನುವುದು ಸರಿಯಲ್ಲ.

ತೊಳೆಯುವುದರಿಂದ ಮೇಲ್ಮೈಯ ಬ್ಯಾಕ್ಟೀರಿಯಾ ಸ್ವಲ್ಪ ಇಳಿಯುತ್ತದೆ. ಆದರೆ ಅವು ಬೇರಿನ ರೋಮಗಳ ನಡುವೆ, ಸಿಪ್ಪೆಯ ಒಳಗಡೆ, ತಾವೇ ಹೆಣೆದ ಅಂಟು ಪದರದ ಕೆಳಗೆ ಕುಳಿತಿರುತ್ತವೆ. ಕೆಲವು ಮೊಳಕೆಯ ಅಂಗಾಂಶದ ಒಳಕ್ಕೂ ಸೇರಿಕೊಂಡಿರುತ್ತವೆ. ಕೋಟಿಯಲ್ಲಿ ಹತ್ತರಲ್ಲೊಂದು ಭಾಗ ಉಳಿದರೂ ಅದು ಹತ್ತು ಲಕ್ಷವೇ ಆಯಿತು. ಅರಿಶಿನ, ಉಪ್ಪು, ಬಡಿಸುವಾಗ ಹಿಂಡುವ ಲಿಂಬೆರಸ ರುಚಿಗೆ ಒಳ್ಳೆಯವು, ರಕ್ಷಣೆಗೆ ಅವನ್ನು ನೆಚ್ಚುವಂತಿಲ್ಲ.

ಇದು ಬರೀ ಊಹೆಯ ಮಾತಲ್ಲ ಎನ್ನಲು ಎರಡು ದೊಡ್ಡ ಘಟನೆಗಳನ್ನು ಹೇಳಬೇಕು. 1996ರಲ್ಲಿ ಜಪಾನಿನ ಸಕಾಯಿ ನಗರದಲ್ಲಿ ಶಾಲೆಯ ಮಧ್ಯಾಹ್ನದ ಊಟ ಮಾಡಿದ ಸಾವಿರಾರು ಮಕ್ಕಳು ಇ. ಕೋಲಿ ಓ157 ಎಂಬ ಬಗೆಯಿಂದ ಕಾಯಿಲೆ ಬಿದ್ದರು. ಶಂಕೆ ಮುಖ್ಯವಾಗಿ ಬಿದ್ದದ್ದು ಹಸಿ ಮೂಲಂಗಿ ಮೊಳಕೆಯ ಮೇಲೆ. 2011ರಲ್ಲಿ ಉತ್ತರ ಜರ್ಮನಿಯಲ್ಲಿ ನಡೆದದ್ದು ಇನ್ನೂ ಭೀಕರ. ಮೇ ತಿಂಗಳಲ್ಲಿ ರಕ್ತಭೇದಿಯ ರೋಗಿಗಳು ಆಸ್ಪತ್ರೆಗಳಿಗೆ ಬರತೊಡಗಿದರು. ಮೊದಲು ಸ್ಪೇನಿನ ಸವತಿಕಾಯಿಯ ಮೇಲೆ ಸಂದೇಹ ಬಂದು, ಅಲ್ಲಿನ ರೈತರ ಫಸಲು ಮಾರಾಟವಾಗದೆ ಕೊಳೆಯಿತು. ಆಮೇಲೆ ಹೋಟೆಲುಗಳ ಬಿಲ್ಲು, ಅಡುಗೆಯವರ ಪಾಕವಿಧಾನ, ತರಕಾರಿ ಸರಬರಾಜಿನ ಚೀಟಿಗಳನ್ನು ಒಂದಕ್ಕೊಂದು ತಾಳೆ ಹಾಕಿದಾಗ ಎಲ್ಲ ಜಾಡುಗಳೂ ಲೋವರ್ ಸ್ಯಾಕ್ಸನಿ ರಾಜ್ಯದ ಒಂದು ಮೊಳಕೆ ಬೆಳೆಸುವ ತೋಟಕ್ಕೆ ಬಂದು ಸೇರಿದವು. ಜೂನ್ ತಿಂಗಳಲ್ಲಿ ಫ್ರಾನ್ಸಿನ ಬೋರ್ಡೋ ಬಳಿ ಇನ್ನೊಂದು ಗುಂಪು ಕಾಯಿಲೆ ಬಿದ್ದಿತು. ಅವರು ತಿಂದ ಮೊಳಕೆಗಳಿಗೂ ಜರ್ಮನಿಯ ಮೊಳಕೆಗಳಿಗೂ ಇದ್ದ ಸಮಾನ ಕೊಂಡಿ 2009ರಲ್ಲಿ ಈಜಿಪ್ಟಿನಿಂದ ಬಂದಿದ್ದ ಮೆಂತ್ಯದ ಒಂದು ಲಾಟು. 3,800ಕ್ಕೂ ಹೆಚ್ಚು ಮಂದಿ ಕಾಯಿಲೆಗೆ ತುತ್ತಾದರು, 800ಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡ ಕೆಟ್ಟಿತು, 50ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ನಮ್ಮ ಅಡುಗೆಮನೆಯ ಡಬ್ಬಿಯಲ್ಲಿರುವಂಥ ಅದೇ ಮೆಂತ್ಯ. ಒಣ ಬೀಜವಾಗಿ ವರ್ಷ ಕಳೆದರೂ ರೋಗಾಣು ಅದರಲ್ಲಿ ಬದುಕಿತ್ತು, ನೀರು ತಾಗಿದಾಗ ಎದ್ದಿತು ಎಂಬುದೇ ತನಿಖೆಯ ತಿರುಳು.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆ. ಆ ಬೀಜದ ಮಾದರಿಗಳನ್ನು ಪ್ರಯೋಗಾಲಯಗಳು ಪರೀಕ್ಷಿಸಿದಾಗ ರೋಗಾಣು ಸಿಗಲೇ ಇಲ್ಲ. ಅದು ಪ್ರಯೋಗಾಲಯದವರ ಸೋಮಾರಿತನವಲ್ಲ. ಕಿಲೋಗೆ ಒಂದು ಬ್ಯಾಕ್ಟೀರಿಯಾ ಇರುವ ಚೀಲದಿಂದ 25 ಗ್ರಾಂ ಮಾದರಿ ತೆಗೆದರೆ, ಅದು ಆ ಮಾದರಿಯೊಳಗೆ ಬೀಳುವ ಸಾಧ್ಯತೆ ಹೆಚ್ಚುಕಡಿಮೆ ನಲವತ್ತರಲ್ಲಿ ಒಂದು. ಮೂವತ್ತೊಂಬತ್ತು ಸಲ ವರದಿ ಶುದ್ಧವೆಂದೇ ಬರುತ್ತದೆ. ಈ ಕಾರಣಕ್ಕಾಗಿಯೇ ದೊಡ್ಡ ಪ್ರಮಾಣದಲ್ಲಿ ಮೊಳಕೆ ಬೆಳೆಸುವವರು ಬೀಜವನ್ನಷ್ಟೇ ನೆಚ್ಚದೆ, ಮೊಳಕೆಯ ಮೇಲೆ ಹರಿದು ಬಸಿದ ನೀರನ್ನು ಸುಮಾರು 48 ಗಂಟೆಯ ಹೊತ್ತಿಗೆ ಪರೀಕ್ಷಿಸಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1999ರಲ್ಲಿ ಸೂಚಿಸಿತು. ಅಷ್ಟರಲ್ಲಿ ರೋಗಾಣು ಬೆಳೆದು ನೀರಿನಲ್ಲೆಲ್ಲ ಹರಡಿರುವುದರಿಂದ ಸಿಕ್ಕಿಬೀಳುತ್ತದೆ.

ಅದೇ ಸೂಚನೆಯಲ್ಲಿ ಬೀಜವನ್ನು ಕ್ಯಾಲ್ಸಿಯಂ ಹೈಪೋಕ್ಲೋರೈಟಿನ ದ್ರಾವಣದಲ್ಲಿ ಅದ್ದುವ ಉದಾಹರಣೆಯೂ ಇತ್ತು. ಅದರ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 20,000 ಭಾಗ. ನಲ್ಲಿಯ ನೀರಿನಲ್ಲಿ ಉಳಿದಿರಬೇಕಾದ ಕ್ಲೋರಿನ್ ಒಂದು ಭಾಗಕ್ಕಿಂತಲೂ ಕಡಿಮೆ ಎಂಬುದನ್ನು ನೆನೆದರೆ ಅದೆಷ್ಟು ತೀಕ್ಷ್ಣವೆಂದು ತಿಳಿಯುತ್ತದೆ. ಗಾಳಿಯಾಡದ ಕೋಣೆಯಲ್ಲಿ, ಕೈಗವಸು, ಕನ್ನಡಕವಿಲ್ಲದೆ ಇದನ್ನು ಯಾರೂ ಮಾಡಕೂಡದು. ಇಷ್ಟು ಮಾಡಿದರೂ ರೋಗಾಣುವಿನ ಸಂಖ್ಯೆ ಇಳಿಯುತ್ತದೆ, ಪೂರ್ತಿ ಅಳಿಯುತ್ತದೆಂಬ ಭರವಸೆ ಇಲ್ಲ. ಒಂದೆರಡು ಉಳಿದರೆ ಮತ್ತೆ ಅದೇ ಇಮ್ಮಡಿಯ ಲೆಕ್ಕ. ಹೆಸರಿನಂಥ ಗಟ್ಟಿ ಕಾಳನ್ನು 85 ಡಿಗ್ರಿಯ ನೀರಿನಲ್ಲಿ ಕೆಲವು ಸೆಕೆಂಡು ಅದ್ದಿ ತಕ್ಷಣ ತಣ್ಣೀರಿಗೆ ಹಾಕುವ ವಿಧಾನವನ್ನು ಜಪಾನಿನಲ್ಲಿ ಪರೀಕ್ಷಿಸಿದ್ದಾರೆ, ಫಲ ಚೆನ್ನಾಗಿದೆ. ಆದರೆ ಸ್ವಲ್ಪ ಹೆಚ್ಚಾದರೆ ಕಾಳು ಮೊಳೆಯುವುದಿಲ್ಲ, ಸ್ವಲ್ಪ ಕಡಿಮೆಯಾದರೆ ರೋಗಾಣು ಸಾಯುವುದಿಲ್ಲ. ಉಷ್ಣಮಾಪಕವೂ ತರಬೇತಿಯೂ ಇಲ್ಲದ ಕಡೆ ನಾನು ಅದನ್ನು ಶಿಫಾರಸು ಮಾಡಲಾರೆ.

ದಾದಿ, ಮಕ್ಕಳ ವಾರ್ಡು, ಹುಬ್ಬಳ್ಳಿ

ಮಕ್ಕಳ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಸಾಲ್ಮೊನೆಲ್ಲಾದಿಂದ ಬರುವ ಜ್ವರ, ಭೇದಿ, ಹೊಟ್ಟೆನೋವು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಓಆರ್‌ಎಸ್ ಕುಡಿಸುತ್ತ ನೀರಿನಂಶ ಕಡಿಮೆಯಾಗದಂತೆ ನೋಡಿಕೊಂಡರೆ ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಆದರೆ ಅಧ್ಯಾಪಕರು ಹೇಳಿದ ಆ ಇ. ಕೋಲಿಯ ಬಗೆಗಳು ಶಿಗಾ ಎಂಬ ವಿಷವನ್ನು ಉತ್ಪಾದಿಸುತ್ತವೆ. ಭೇದಿ ಶುರುವಾಗಿ ಸುಮಾರು ಒಂದು ವಾರದ ಹೊತ್ತಿಗೆ, ಎಷ್ಟೋ ಸಲ ಭೇದಿ ಕಡಿಮೆಯಾಯಿತೆಂದು ಮನೆಯವರು ಸಮಾಧಾನಪಡುವ ಹೊತ್ತಿಗೇ, ಮೂತ್ರಪಿಂಡದ ಸಣ್ಣ ರಕ್ತನಾಳಗಳು ಕೆಡತೊಡಗುತ್ತವೆ. ಮಗು ಬಿಳಿಚಿಕೊಳ್ಳುವುದು, ಮೂತ್ರ ಕಡಿಮೆಯಾಗುವುದು, ಮುಖ ಊದಿಕೊಳ್ಳುವುದು ಕಂಡರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆತರಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಈ ಅಪಾಯ ಹೆಚ್ಚು.

ಮಲದಲ್ಲಿ ರಕ್ತ ಕಂಡಾಗ ಔಷಧಿ ಅಂಗಡಿಯಿಂದ ಭೇದಿ ನಿಲ್ಲಿಸುವ ಮಾತ್ರೆಯನ್ನೋ ಆ್ಯಂಟಿಬಯೋಟಿಕ್ಕನ್ನೋ ತಂದು ಕೊಡುವುದು ಬೇಡ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ವೈದ್ಯರು ನೋಡಿ ನಿರ್ಧರಿಸಬೇಕಾದ ವಿಷಯ ಅದು. ಈ ಬಗೆಯ ಸೋಂಕಿನಲ್ಲಿ ಕೆಲವು ಔಷಧಿಗಳಿಂದ ವಿಷದ ಪ್ರಮಾಣ ಹೆಚ್ಚಾಗುವ ಭಯವಿದೆ. ಪುಟ್ಟ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು, ಕ್ಯಾನ್ಸರಿಗೋ ಮೂತ್ರಪಿಂಡಕ್ಕೋ ಚಿಕಿತ್ಸೆ ಪಡೆಯುತ್ತಿರುವವರು ಹಸಿ ಮೊಳಕೆಯನ್ನು ತಿನ್ನಲೇಬಾರದು. ದುಃಖದ ಸಂಗತಿಯೆಂದರೆ, ಶಕ್ತಿ ಬರಲಿ ಎಂದು ನಾವು ಅದನ್ನು ಅವರಿಗೇ ಹೆಚ್ಚಾಗಿ ಕೊಡುತ್ತೇವೆ.

ನಿವೃತ್ತ ಶಿಕ್ಷಕ, ಹಾವೇರಿ

ಇಷ್ಟು ವಿವರ ಓದಿದ ಮೇಲೆ ಹಸಿಯಾಗಿ ಕೊಡಿ ಎಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಬೇಯಿಸಿದರೆ ಮೊಳಕೆಯ ಸತ್ವವೆಲ್ಲ ಹೋಗುತ್ತದೆಂದು ನಾವು ಶಾಲೆಯಲ್ಲಿ ಪಾಠ ಮಾಡಿದ್ದೇವೆ. ಸತ್ವ ಹೋಗುವುದಾದರೆ ಮೊಳಕೆ ಬರಿಸುವ ಶ್ರಮವಾದರೂ ಏಕೆ? ನೇರವಾಗಿ ಕಾಳನ್ನೇ ಬೇಯಿಸಬಹುದಲ್ಲ?

ಆಹಾರ ಸೂಕ್ಷ್ಮಜೀವಿ ವಿಜ್ಞಾನದ ಅಧ್ಯಾಪಕ, ಧಾರವಾಡ

ಗುರುಗಳೇ, ಹೋಗುವುದು ಮುಖ್ಯವಾಗಿ ಸಿ ಜೀವಸತ್ವದ ಒಂದು ಭಾಗ. ಒಣ ಕಾಳಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಮೊಳಕೆಯಲ್ಲಿ ಹುಟ್ಟುತ್ತದೆ, ಬಿಸಿಗೆ ಮತ್ತು ಬಸಿದು ಚೆಲ್ಲುವ ನೀರಿಗೆ ಸ್ವಲ್ಪ ನಷ್ಟವಾಗುತ್ತದೆ. ಪ್ರೋಟೀನು, ಕಬ್ಬಿಣ, ಸತು, ನಾರು ಎಲ್ಲಿಗೂ ಹೋಗುವುದಿಲ್ಲ. ಖನಿಜಗಳನ್ನು ದೇಹಕ್ಕೆ ಸಿಗದಂತೆ ಹಿಡಿದಿಡುವ ಫೈಟೇಟ್ ಅಂಶ ಮೊಳಕೆ ಬರುವಾಗ ಕಡಿಮೆಯಾಗುತ್ತದೆ. ಆ ಲಾಭ ಬೇಯಿಸಿದ ಮೇಲೂ ನಮ್ಮ ಪಾಲಿಗೇ ಉಳಿಯುತ್ತದೆ. ಮೇಲಾಗಿ, ಹಸಿ ಕಾಳಿನಲ್ಲಿ ಪ್ರೋಟೀನು ಜೀರ್ಣವಾಗದಂತೆ ಅಡ್ಡಿ ಮಾಡುವ ಕೆಲವು ಪದಾರ್ಥಗಳಿವೆ, ಅವು ಬಿಸಿಗೆ ನಿಷ್ಕ್ರಿಯವಾಗುತ್ತವೆ. ಬೆಂದ ಉಸಳಿಯ ಮೇಲೆ ಇಳಿಸಿದ ಬಳಿಕ ಲಿಂಬೆ ಹಿಂಡಿದರೆ ಸಿ ಜೀವಸತ್ವವೂ ಮರಳಿ ಬಂತು, ಕಬ್ಬಿಣದ ಹೀರಿಕೆಗೂ ಅನುಕೂಲವಾಯಿತು. ಆದ್ದರಿಂದ ಶ್ರಮ ವ್ಯರ್ಥವಲ್ಲ. ಹಾಸ್ಟೆಲ್ಲಿನ ಮಗುವಿಗೆ ಹಸಿ ಮೊಳಕೆಗಿಂತ ಬೆಂದ ಮೊಳಕೆಯೇ ಹೆಚ್ಚು ದಕ್ಕುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಖಾನಾವಳಿ ನಡೆಸುವವರು, ಹುಬ್ಬಳ್ಳಿ

ನಮ್ಮ ಖಾನಾವಳಿಯಲ್ಲಿ ರೊಟ್ಟಿ ಊಟದ ಜೊತೆ ಮಡಕಿ ಕಾಳಿನ ಉಸಳಿ ದಿನವೂ ಇರುತ್ತದೆ. ಅಡುಗೆಯ ಕಡೆಯಿಂದ ನಾಲ್ಕು ಮಾತು. ಮೊಳಕೆ ಬಂದ ಹೆಸರಿಗೆ ಕುಕ್ಕರಿನ ಅವಶ್ಯಕತೆಯೇ ಇಲ್ಲ, ಒಂದು ಸೀಟಿ ಹಾಕಿಸಿದರೂ ಮುದ್ದೆಯಾಗುತ್ತದೆ. ಕುದಿಯುವ ನೀರಿಗೆ ಹಾಕಿ, ನೀರು ಮತ್ತೆ ಮರಳಿ ಕುದಿ ಬಂದ ಮೇಲೆ ಕೆಲವು ನಿಮಿಷ ಬಿಟ್ಟು ಬಸಿದರೆ ಕಾಳು ಬಿಡಿಬಿಡಿಯಾಗಿರುತ್ತದೆ, ಹಲ್ಲಿಗೆ ಕರುಕರು ಎನ್ನುವುದೂ ಪೂರ್ತಿ ಹೋಗುವುದಿಲ್ಲ. ಮಡಕಿ ಸ್ವಲ್ಪ ಹೆಚ್ಚು ಹೊತ್ತು ಬೇಡುತ್ತದೆ. ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಡುವುದಾದರೆ ತೆಳ್ಳಗೆ ಹರಡಬೇಕು; ಗುಡ್ಡೆ ಹಾಕಿದರೆ ಮೇಲಿನದು ಬೆಂದು ನಡುವಿನದು ಹಸಿಯೇ ಉಳಿಯುತ್ತದೆ. ಒಗ್ಗರಣೆಯಲ್ಲಿ ಎರಡು ಸಲ ಮಗುಚಿ ಇಳಿಸುವುದನ್ನು ಬೇಯಿಸಿದಂತೆ ಎಂದು ತಿಳಿಯಬಾರದು.

ನನ್ನದೊಂದು ಪ್ರಶ್ನೆ. ಮುಂಜಾನೆ ಮಾಡಿದ ಉಸಳಿ ಮಧ್ಯಾಹ್ನದ ಪಂಕ್ತಿಗೂ ಬಳಕೆಯಾಗುತ್ತದೆ. ಒಮ್ಮೆ ಬೆಂದ ಮೇಲೆ ಮತ್ತೆ ಭಯವಿಲ್ಲವಲ್ಲ? ಹಾಗೆಯೇ, ನಮ್ಮ ಗಿರಾಕಿಗಳಲ್ಲಿ ಸಕ್ಕರೆ ಕಾಯಿಲೆಯವರು ರಾತ್ರಿ ನೆನೆಹಾಕಿದ ಮೆಂತ್ಯ ಕಾಳನ್ನು ಮುಂಜಾನೆ ನುಂಗುತ್ತಾರೆ. ಜರ್ಮನಿಯ ಸುದ್ದಿ ಕೇಳಿದರೆ ಅವರು ಗಾಬರಿಯಾಗಬಹುದು. ಅವರಿಗೆ ಏನು ಹೇಳಲಿ?

ಆಹಾರ ಸೂಕ್ಷ್ಮಜೀವಿ ವಿಜ್ಞಾನದ ಅಧ್ಯಾಪಕ, ಧಾರವಾಡ

ಬೆಂದ ಮೇಲೂ ಒಂದು ಎಚ್ಚರ ಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಎಲ್ಲೆಲ್ಲೂ ಇದೆ, ಕಾಳಿನಲ್ಲೂ ಇರುತ್ತದೆ. ಅದು ತನ್ನ ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ಬೀಜಕವಾಗಿ ಕುದಿಯುವ ನೀರನ್ನೂ ತಡೆದುಕೊಳ್ಳುತ್ತದೆ. ಸಾಲ್ಮೊನೆಲ್ಲಾ, ಇ. ಕೋಲಿ ಸತ್ತು ಜಾಗ ಖಾಲಿಯಾದ ಬೆಂದ ಕಾಳು ಗಂಟೆಗಟ್ಟಲೆ ಉಗುರುಬೆಚ್ಚಗೆ ಉಳಿದರೆ ಈ ಬೀಜಕಗಳು ಮೊಳೆತು ಬೆಳೆಯುತ್ತವೆ, ವಾಂತಿ ತರುವ ವಿಷವನ್ನು ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. 1973ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಮನೆಯಲ್ಲೇ ಮೊಳಕೆ ಬರಿಸುವ ಪೊಟ್ಟಣದ ಬೀಜಗಳಿಂದ ಕಾಯಿಲೆ ಬಂದಾಗ ಸಿಕ್ಕಿಬಿದ್ದದ್ದು ಇದೇ ಬ್ಯಾಕ್ಟೀರಿಯಾ. ಆದ್ದರಿಂದ ಬೆಂದ ಕಾಳನ್ನು ಎರಡು ಗಂಟೆಯೊಳಗೆ ಬಡಿಸಿ ಮುಗಿಸಬೇಕು. ಇಲ್ಲವೇ ಕೈಗೆ ಸುಡುವಷ್ಟು, ಎಂದರೆ 60 ಡಿಗ್ರಿಗಿಂತ ಮೇಲೆ, ಬಿಸಿಯಾಗಿಯೇ ಇಡಬೇಕು. ಮಧ್ಯಾಹ್ನಕ್ಕೆ ಬೇರೆ ಕಾಳು ಬೇಯಿಸುವುದು ಇನ್ನೂ ಒಳ್ಳೆಯದು. ಈ ಮಾತು ಅನ್ನಕ್ಕೂ ಅನ್ವಯಿಸುತ್ತದೆ.

ಮೆಂತ್ಯದ ವಿಷಯದಲ್ಲಿ ಗಾಬರಿ ಬೇಡ, ಎಚ್ಚರ ಇರಲಿ. ರಾತ್ರಿಯೆಲ್ಲ ನೆನೆಯುವುದೂ ಮೊಳಕೆಯ ಮೊದಲ ಹಂತವೇ, ಆದರೆ ಎರಡು ದಿನ ಕಟ್ಟಿಟ್ಟ ಮೊಳಕೆಯಷ್ಟು ಸಮಯ ರೋಗಾಣುವಿಗೆ ಸಿಗುವುದಿಲ್ಲ. ನೆನೆಹಾಕುವಾಗಲೇ ಮಳಮಳ ಕುದಿಯುವ ನೀರು ಸುರಿದು ಮುಚ್ಚಿಡುವುದು, ಆರಿದ ಮೇಲೆ ಫ್ರಿಜ್ಜಿನಲ್ಲಿ ಇಡುವುದು ಉತ್ತಮ. ಕಾಳು ಮೊಳೆಯಬೇಕೆಂಬ ಅಗತ್ಯ ಇಲ್ಲದ್ದರಿಂದ ಕುದಿನೀರಿಗೆ ಅಭ್ಯಂತರವೂ ಇಲ್ಲ. ಹೆಸರುಬೇಳೆಯ ಕೋಸಂಬರಿಯನ್ನು ಇದರೊಂದಿಗೆ ಸೇರಿಸಬೇಡಿ. ಅಲ್ಲಿ ಸಿಪ್ಪೆ ತೆಗೆದು ಒಡೆದ ಬೇಳೆ ಅರ್ಧ ಮುಕ್ಕಾಲು ಗಂಟೆ ನೆನೆಯುತ್ತದೆ, ಮೊಳೆಯುವುದಿಲ್ಲ. ಮಾಡಿದ ಕೂಡಲೇ ತಿಂದರೆ ಸಾಕು.

ಸ್ವಸಹಾಯ ಸಂಘದ ಸದಸ್ಯೆ, ಗದಗ

ಎಲ್ಲರಿಗೂ ಕೃತಜ್ಞತೆಗಳು. ಈ ಚರ್ಚೆಯನ್ನು ಸಂಘದ ಸಭೆಯಲ್ಲಿ ಓದಿಸಿದೆ. ಹಸಿಯಾಗಿ ಬಡಿಸುವುದಾದರೆ ನಾವು ಕೊಡುವುದಿಲ್ಲ, ನಿಲಯದ ಅಡುಗೆಮನೆಯಲ್ಲೇ ಬೇಯಿಸಿ ಒಗ್ಗರಣೆ ಕೊಡುವುದಾದರೆ ಕೊಡುತ್ತೇವೆ ಎಂದು ನಿರ್ಧರಿಸಿದ್ದೇವೆ. ನಿಲಯದ ಮೇಲ್ವಿಚಾರಕರೂ ಒಪ್ಪಿದ್ದಾರೆ. ಪೊಟ್ಟಣದ ಮೇಲೆ ಮೊಳಕೆ ತೆಗೆದ ದಿನ ಮತ್ತು "ಬೇಯಿಸಿಯೇ ತಿನ್ನಿರಿ" ಎಂಬ ಸಾಲನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸುತ್ತಿದ್ದೇವೆ, ಏಕೆಂದರೆ ಉಳಿದ ಪೊಟ್ಟಣಗಳು ಸಂತೆಗೂ ಹೋಗುತ್ತವೆ, ಅಲ್ಲಿ ಕೊಳ್ಳುವವರಿಗೆ ನಾವು ಎದುರು ನಿಂತು ಹೇಳಲಾಗುವುದಿಲ್ಲ. ಎರಡು ಸಂದೇಹ ಮಾತ್ರ ಉಳಿದಿವೆ. ಹೇಗೂ ಬೇಯಿಸುವುದಾದ ಮೇಲೆ ನಮ್ಮ ಕಡೆಯ ಸ್ವಚ್ಛತೆ ಸ್ವಲ್ಪ ಸಡಿಲವಾದರೂ ನಡೆದೀತೆಂದು ಕೆಲವರು ಕೇಳುತ್ತಿದ್ದಾರೆ. ಫ್ರಿಜ್ಜಿನಲ್ಲಿಟ್ಟರೆ ಎಷ್ಟು ದಿನ ಇಡಬಹುದು ಎಂಬುದು ಇನ್ನೊಂದು.

ಆಹಾರ ಸೂಕ್ಷ್ಮಜೀವಿ ವಿಜ್ಞಾನದ ಅಧ್ಯಾಪಕ, ಧಾರವಾಡ

ಸಡಿಲ ಮಾಡಬಾರದು. ಹಸಿ ಮೊಳಕೆಯ ಪೊಟ್ಟಣ ಅಡುಗೆಮನೆಗೆ ಬಂದಾಗ ಅದರ ನೀರು ಈಳಿಗೆಗೆ, ಕೈಗೆ, ಪಕ್ಕದಲ್ಲಿ ಹೆಚ್ಚಿಟ್ಟ ಸವತಿಕಾಯಿಗೆ ತಾಗುತ್ತದೆ, ಸವತಿಕಾಯಿ ಬೇಯುವುದಿಲ್ಲ. ನಿಲಯದ ಅಡುಗೆಯವರಿಗೆ ಹಸಿ ಮೊಳಕೆಯ ಬುಟ್ಟಿ, ಜರಡಿ ಬೇರೆ, ಬಡಿಸುವ ಪಾತ್ರೆ ಬೇರೆ ಎಂದು ತಿಳಿಸಿ ಹೇಳಿ. ನಿಮ್ಮ ಕಡೆ ಹೆಚ್ಚು ಗಮನ ಬೇಕಾದದ್ದು ಕಟ್ಟುವ ಅರಿವೆ. ಹಿಂಡಿ ಒಣಹಾಕಿದ ಅರಿವೆಯ ನೂಲಿನ ಎಳೆಗಳಲ್ಲಿ ಹಿಂದಿನ ಸಲದ ಅಂಟು ಉಳಿದಿರುತ್ತದೆ. ಪ್ರತಿ ಸಲವೂ ಸೋಪಿನಲ್ಲಿ ಒಗೆದು, ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಸುಡುಬಿಸಿಲಿನಲ್ಲಿ ಒಣಗಿಸಿ. ಅರಿವೆಗಿಂತ ತೂತಿರುವ ಸ್ಟೀಲಿನ ಡಬ್ಬಿ ಅನುಕೂಲ, ಅದನ್ನು ತಿಕ್ಕಿ ಕುದಿನೀರು ಸುರಿಯಬಹುದು. ಕಾಳು ಕೊಳ್ಳುವಾಗ ಒಡೆದದ್ದು, ಹುಳುಕಾದದ್ದು, ಮಣ್ಣು ಮೆತ್ತಿದ್ದನ್ನು ಆರಿಸಿ ತೆಗೆಯಿರಿ, ಏಕೆಂದರೆ ಬಿರುಕುಬಿಟ್ಟ ಕಾಳಿನೊಳಗೆ ರೋಗಾಣು ಸುಲಭವಾಗಿ ಸೇರುತ್ತದೆ. ಯಾವ ಅಂಗಡಿಯ ಯಾವ ಚೀಲದಿಂದ ಯಾವ ದಿನದ ಮೊಳಕೆ ತೆಗೆದಿರಿ ಎಂಬುದನ್ನು ಒಂದು ವಹಿಯಲ್ಲಿ ಬರೆದಿಡಿ. ಮುಂದೆ ಏನಾದರೂ ಆದರೆ ಜಾಡು ಹಿಡಿಯಲು ಅದೊಂದೇ ದಾರಿ. ಯುರೋಪಿನಲ್ಲಿ 2011ರ ಬಳಿಕ ಮೊಳಕೆಯ ಬೀಜಕ್ಕೆ ಅಂಥ ದಾಖಲೆಯನ್ನು 2013ರಲ್ಲಿ ಕಾನೂನಿನಿಂದಲೇ ಕಡ್ಡಾಯ ಮಾಡಿದರು.

ಫ್ರಿಜ್ಜಿನಲ್ಲಿ 5 ಡಿಗ್ರಿಯ ಕೆಳಗಿಟ್ಟರೆ ಸಾಲ್ಮೊನೆಲ್ಲಾ, ಇ. ಕೋಲಿ ಬೆಳೆಯುವುದಿಲ್ಲ, ಆದರೆ ಸಾಯುವುದೂ ಇಲ್ಲ. ಲಿಸ್ಟೀರಿಯಾ ಎಂಬ ಇನ್ನೊಂದು ಆ ತಂಪಿನಲ್ಲೂ ನಿಧಾನವಾಗಿ ಬೆಳೆಯುತ್ತದೆ, ಗರ್ಭಿಣಿಯರಿಗೆ ಅದು ತುಂಬ ಅಪಾಯಕಾರಿ. ನೀವು ಮೊಳಕೆ ತೆಗೆದ ಮುಂಜಾನೆಯೇ ನಿಲಯಕ್ಕೆ ತಲುಪಿಸಿ, ಅವರು ಅಂದೇ ಬೇಯಿಸಲಿ. ಸಂತೆಗೆ ಒಯ್ಯುವುದನ್ನು ಮಂಜುಗಡ್ಡೆ ಹಾಕಿದ ಡಬ್ಬಿಯಲ್ಲಿ ಒಯ್ಯಿರಿ, ಸಂಜೆಗೆ ಉಳಿದದ್ದನ್ನು ಮರಳಿ ತಂದು ಮಾರಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಸಂತೆಗೆ ಹಸಿ ಮೊಳಕೆ ಒಯ್ಯುವುದನ್ನು ನಿಲ್ಲಿಸಿ, ಆ ಹೊತ್ತಿಗೆ ಬೇರೆ ಪದಾರ್ಥ ಮಾಡಲು ಸಾಧ್ಯವೇ ಎಂದು ನಿಮ್ಮ ಸಭೆಯಲ್ಲಿ ಕೇಳಿ ನೋಡಿ.